ಮೊದಲು ಹೇಳಿದವನು

ಅಕ್ಟೋಬರ್ ಹನ್ನೆರಡು, ಭಾನುವಾರ. ಬೆಳಿಗ್ಗೆ ಮೋಡ, ನಡುನಡುವೆ ಎಳೆಬಿಸಿಲು, ಪಡುವಣದಿಂದ ಗಾಳಿ. ಚಿತ್ತೆ ಮಳೆ ಹುಟ್ಟಿ ಎರಡು ದಿನವಾಗಿತ್ತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವಂಥ ಆಕಾಶ.

ಕೊಡೆಗಲ್ಲು ಬೆಟ್ಟದ ಬುಡದಲ್ಲಿ ಒಂದು ಸಣ್ಣ ಆಶ್ರಮ. ಕಲ್ಲಿನ ಪಡಸಾಲೆ, ಬಾವಿ, ಎರಡು ಹಸು. ಪಡಸಾಲೆಯ ನಡುವೆ ಹಲಸಿನ ಮರದ ಒಂದು ಹಲಗೆ. ಗುರುಗಳು ಕೂರುವುದು ಅದರ ಮೇಲೆ. ಆ ಹಲಗೆಯ ಮೇಲೆ ಕೂತವರನ್ನು ಸುತ್ತಲಿನ ಊರಿನವರೆಲ್ಲ ಕರೆಯುವುದು ಬುದ್ಧಿ ಎಂದು.

ಹಲಗೆಯನ್ನು ದಿನಾ ಒರೆಸುವವನು ಪಂಚಾಕ್ಷರಿ. ಐದು ವರ್ಷದಿಂದ ಒರೆಸುತ್ತಿದ್ದ. ನೀರು ಸೇದಿದ್ದ, ಸಗಣಿ ಬಾಚಿದ್ದ, ಗುರುಗಳ ಬೆನ್ನಿಗೆ ಎಣ್ಣೆ ತಿಕ್ಕಿದ್ದ. ಉಪದೇಶ ಮಾತ್ರ ಆಗಿರಲಿಲ್ಲ.

ಹಿಂದಿನ ಸಂಜೆ ಮತ್ತೆ ಕೇಳಿದ್ದ.

"ಬುದ್ಧಿ, ನನಗೆ ಉಪದೇಶ ಯಾವಾಗ?"

ಗುರುಗಳು ಸೊಂಟ ಹಿಡಿದುಕೊಂಡು ಹಲಗೆಯಿಂದ ಎದ್ದರು. ಅವತ್ತು ಬೆಳಗಿನಿಂದ ಕಳೆದುಹೋದ ಒಂದು ಎಮ್ಮೆ, ಮುನಿಸಿಕೊಂಡ ಇಬ್ಬರು ಸೊಸೆಯರು, ಒಂದು ಬೇಲಿ ಜಗಳ ಅವರ ಮುಂದೆ ಬಂದು ಹೋಗಿದ್ದವು.

"ನಾಳೆ ಮುಪ್ಪಣ್ಣ ಬರ್ತಾನೆ. ಬೆಟ್ಟ ಹತ್ತುತೀವಿ. ಈ ಸಲ ನೀನೂ ಬಾ."

"ಉಪದೇಶ?"

"ಅಲ್ಲೇ ಆದರೂ ಆಗಬಹುದು."

ಪಂಚಾಕ್ಷರಿಗೆ ನಿದ್ದೆ ಬರಲಿಲ್ಲ. ಬೆಟ್ಟದ ತುದಿಯಲ್ಲಿ ಕೊಡೆ ಬಿಚ್ಚಿಟ್ಟ ಹಾಗೆ ಒಂದು ಬಂಡೆ ಇದೆ. ಬೆಟ್ಟಕ್ಕೆ ಹೆಸರು ಬಂದದ್ದೇ ಅದರಿಂದ. ಉಪದೇಶ ಅದರ ಕೆಳಗೇ ಆಗುತ್ತದೆ, ಬೇರೆಲ್ಲಿ ಆದೀತು? ತುದಿ ಮುಟ್ಟಿದರೆ ಆಯಿತು.

ಮುಪ್ಪಣ್ಣ ಗುರುಗಳ ಹಳೆಯ ಗೆಳೆಯ. ಮದುವೆ ಮನೆಗಳಲ್ಲಿ ಅಡುಗೆ ಮಾಡುವವನು. ವರ್ಷಕ್ಕೆ ಒಂದೇ ಸಲ, ಈ ಬೆಟ್ಟ ಹತ್ತುವುದಕ್ಕೆಂದೇ ಬರುತ್ತಿದ್ದ. ಮೊದಲು ಅವನ ದನಿ ಬರುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಅವನು.

"ಲೇ ಗಂಗಾ! ಇನ್ನೂ ಬದುಕಿದ್ದೀಯೇನೋ?"

"ನಿನ್ನ ಕೈಯಡುಗೆ ಉಣ್ಣೋದಿಲ್ಲವಲ್ಲ, ಅದಕ್ಕೇ," ಎಂದರು ಗುರುಗಳು.

ಪಂಚಾಕ್ಷರಿ ಬಾವಿಯ ಕಡೆ ಮುಖ ತಿರುಗಿಸಿದ. ಬುದ್ಧಿಯವರನ್ನು ಯಾರಾದರೂ ಗಂಗ ಎಂದರೆ ಅವನಿಗೆ ಕಿವಿಯಲ್ಲಿ ಇರುವೆ ಹೊಕ್ಕ ಹಾಗಾಗುತ್ತಿತ್ತು.

ಹೊರಡುವಾಗ ಅವನು ಕೊಡೆ ತೆಗೆದುಕೊಂಡ.

"ಅದು ಯಾಕೆ ಮರಿ?" ಎಂದ ಮುಪ್ಪಣ್ಣ.

"ಮಳೆ ಬಂದರೆ."

"ಮೇಲೆ ಎರಡು ಕೈ ಸಾಲಲ್ಲ, ಮೂರನೇದು ಬೇಕು ಅನ್ನಿಸುತ್ತೆ. ಕೊಡೆ ಹಿಡಿಯೋದಕ್ಕೆ ನಾಲ್ಕನೇದು ಎಲ್ಲಿಂದ ತರ್ತೀಯ? ಇಟ್ಟು ಬಾ."

ಪಂಚಾಕ್ಷರಿ ಗುರುಗಳ ಮುಖ ನೋಡಿದ. ಗುರುಗಳು ಆಕಾಶ ನೋಡುತ್ತಿದ್ದರು. ಕೊಡೆ ಇಟ್ಟು ಬಂದ. ಚಿತ್ರಾನ್ನದ ಗಂಟು ಅವನ ಹೆಗಲಿಗೆ ಬಂತು.

"ಇಂಥ ದಿನ ಯಾಕೆ ಹತ್ತುತೀರಿ? ಬೇಸಿಗೆಯಲ್ಲಿ ಹತ್ತಬಾರದಾ?"

"ಬೇಸಿಗೆಯಲ್ಲಿ ಯಾರು ಸೋಲ್ತಾರೆ?" ಎಂದ ಮುಪ್ಪಣ್ಣ. "ನಮ್ಮಿಬ್ಬರದೂ ಒಂದು ಪಂದ್ಯ ಇದೆ ಮರಿ. ಹಳೇದು. ಈ ಬೆಟ್ಟದ ಮೇಲೆ ಮೊದಲು ಯಾರು 'ವಾಪಸ್ ಹೋಗೋಣ' ಅಂತಾರೋ ಅವರು ಸೋತ ಹಾಗೆ. ಹತ್ತಿದವರೆಲ್ಲ ಪಂದ್ಯಕ್ಕೆ ಸೇರಿದವರೇ. ಇವತ್ತು ನೀನೂ ಸೇರಿದ್ದೀಯ."

"ಸೋತವರು ಏನು ಕೊಡಬೇಕು?"

"ಅದನ್ನ ಸೋತವನಿಗೆ ಹೇಳ್ತೀವಿ."

"ಇಷ್ಟು ವರ್ಷ ಯಾರು ಸೋತಿದ್ದು?"

ಮುಪ್ಪಣ್ಣ ಗದ್ದದಿಂದ ಮುಂದೆ ತೋರಿಸಿದ. ಮುಂದೆ ಗುರುಗಳು ಕಾರೆಮುಳ್ಳು ಬಿಡಿಸಿಕೊಳ್ಳುತ್ತಿದ್ದರು.

"ಬುದ್ಧಿಯವರಾ?"

"ಪ್ರತಿ ವರ್ಷ."

"ಸೋತದ್ದನ್ನ ಕೊಟ್ಟರಾ?"

"ಕೊಡ್ತಾನೇ ಇದ್ದಾನೆ ಪಾಪ. ತೀರೇ ಇಲ್ಲ."

"ಹಾಗಾದರೆ ತುದಿ?"

"ಯಾವ ತುದಿ? ನಾವಿಬ್ಬರೂ ಒಂದು ಸಲಾನೂ ತುದಿ ಕಂಡಿಲ್ಲ ಮರಿ."

ತುದಿಯಿಲ್ಲದೆ ಉಪದೇಶವೆಲ್ಲಿ? ಪಂಚಾಕ್ಷರಿ ಅಲ್ಲೇ ತೀರ್ಮಾನಿಸಿದ. ಇವತ್ತು ಬುದ್ಧಿಯವರನ್ನು ಸೋಲಲು ಬಿಡಬಾರದು. ಅವರ ಬಾಯಿಗೆ ಆ ಮಾತು ಬರುವ ಮೊದಲೇ ಧೈರ್ಯ ತುಂಬಬೇಕು.

ಬುಡದ ಬಂಡೆಗುಂಡುಗಳನ್ನು ಕೈಕಾಲು ಸೇರಿಸಿ ಹತ್ತಿದರು. ಬಿಸಿಲು ಹೋಯಿತು. ಗಾಳಿ ಎದ್ದಿತು.

ಗುರುಗಳು ಒಂದು ಕಲ್ಲಿಗೆ ಒರಗಿ ನಿಂತರು.

"ಗಾಳಿ ಸ್ವಲ್ಪ ಜಾಸ್ತಿಯಾಯ್ತು ಅಲ್ಲವಾ ಪಂಚಾಕ್ಷರಿ?"

"ಗಾಳಿ ಬಡಿಯೋದು ದೇಹಕ್ಕೆ ಬುದ್ಧಿ. ಒಳಗೆ ಇರೋನಿಗೆ ಗಾಳಿಯೆಲ್ಲಿ?"

ಗುರುಗಳು ಅವನನ್ನು ಒಂದು ಕ್ಷಣ ನೋಡಿ, "ಹೌದೌದು" ಎಂದು ಮುಂದೆ ಹತ್ತಿದರು.

ಇನ್ನೊಂದು ಬಂಡೆ ದಾಟಿದ ಮೇಲೆ ಮುಪ್ಪಣ್ಣ ಪಂಚಾಕ್ಷರಿಯ ಕಿವಿಯ ಹತ್ತಿರ ಬಂದ.

"ಮರಿ, ನಿನ್ನ ಮಂಡಿ ತರಚಿದೆ. ರಕ್ತ ಬರ್ತಿದೆ. ನಿನಗೇನಾದರೂ ಹೇಳಬೇಕು ಅನ್ನಿಸ್ತಿದೆಯಾ?"

"ಇಲ್ಲ."

"ಸಂಕೋಚ ಬೇಡ."

"ನೋವು ನಾಲ್ಕು ದಿನದ ನೆಂಟ, ಮುಪ್ಪಣ್ಣನವರೇ."

ಮುಪ್ಪಣ್ಣ ತಲೆಯೆತ್ತಿ ಕೂಗಿದ. "ಗಂಗಾ, ಇವನಿಗೆ ಇದನ್ನೆಲ್ಲ ಕಲಿಸಿದ್ದು ಯಾರು?"

"ನಾನೇ ಕಣೋ."

"ಅನುಭವಿಸು."

ನಿಜ ಹೇಳಬೇಕೆಂದರೆ ಪಂಚಾಕ್ಷರಿಗೆ ಆಗಲೇ ಸಾಕಾಗಿತ್ತು. ಒಮ್ಮೆ ತಿರುಗಿ ಕೆಳಗೆ ನೋಡಿದ್ದ. ಆಶ್ರಮದ ಹಸುಗಳು ಮೊರದಲ್ಲಿ ಉಳಿದ ಎರಡು ಅಕ್ಕಿಕಾಳಿನ ಹಾಗೆ ಕಂಡವು. ಆಮೇಲೆ ನೋಡಲಿಲ್ಲ.

ಅರ್ಧ ಬೆಟ್ಟಕ್ಕೆ ಹೊಟ್ಟೆಸಂದು ಬಂತು. ಎರಡು ದೊಡ್ಡ ಗುಂಡುಗಳ ನಡುವಿನ ಬಿರುಕು. ಉಸಿರು ಪೂರ್ತಿ ಬಿಟ್ಟು, ಅಡ್ಡಡ್ಡಲಾಗಿ ಜರುಗಬೇಕು.

ಗುರುಗಳು ಒಣಗಿದ ಕಡ್ಡಿಯ ಹಾಗಿದ್ದವರು, ಜರುಗಿ ಆಚೆ ಹೋದರು. ಮುಪ್ಪಣ್ಣ ಅರ್ಧಕ್ಕೆ ನಿಂತ.

"ಉಸಿರು ಬಿಡು," ಎಂದರು ಗುರುಗಳು ಆ ಕಡೆಯಿಂದ.

"ಬಿಟ್ಟಿದ್ದೀನಿ."

"ಇನ್ನೂ ಬಿಡು."

"ಇನ್ನು ಉಳಿದಿರೋದು ಕೊನೇದು ಕಣೋ. ಅದನ್ನೂ ಬಿಡಲಾ?"

"ಹೋದ ವರ್ಷ ಇಷ್ಟು ಬಿಗಿ ಇರಲಿಲ್ಲ."

"ಹೋದ ವರ್ಷ ಮುಹೂರ್ತಗಳು ಕಡಿಮೆ ಇದ್ದವು. ಈ ವರ್ಷ ದಿನಕ್ಕೆರಡು ಮದುವೆ. ರುಚಿ ನೋಡದೆ ಬಡಿಸೋಕಾಗುತ್ತಾ?"

ಗುರುಗಳ ದನಿ ಮೆತ್ತಗಾಯಿತು. "ಮುಪ್ಪಣ್ಣಾ, ಎರಡೇ ಎರಡು ಮಾತು. ಹೇಳಿಬಿಡು. ಹಿಂದಕ್ಕೆ ಎಳೆದುಕೊಳ್ತೀವಿ."

"ಇಲ್ಲೇ ಕಲ್ಲಾಗಿ ನಿಲ್ತೀನಿ. ಹೇಳಲ್ಲ."

"ಹಟ."

"ನಿನಗಿಲ್ಲವಾ?"

ಪಂಚಾಕ್ಷರಿಗೆ ತಡೆಯಲಾಗಲಿಲ್ಲ. ಎಲ್ಲಿ ಬುದ್ಧಿಯವರೇ ಸೋತುಬಿಡುತ್ತಾರೋ ಎಂದು ಓಡಿಬಂದು, ಮುಪ್ಪಣ್ಣನ ಪಕ್ಕೆಗೆ ಹೆಗಲು ಕೊಟ್ಟು, ಗಾಡಿ ನೂಕಿದ ಹಾಗೆ ನೂಕಿದ. ಅಂಗಿಯ ಗುಂಡಿಗಳು ಪಟಪಟನೆ ಕಿತ್ತುಬಂದವು. ಮುಪ್ಪಣ್ಣ ಆಚೆ ಹೋಗಿ ಬಿದ್ದ. ಚಿತ್ರಾನ್ನದ ಗಂಟು ಸಂದಿನಲ್ಲಿ ಸಿಕ್ಕಿ ರೊಟ್ಟಿಯಷ್ಟು ತೆಳ್ಳಗಾಯಿತು.

ಇಬ್ಬರು ಮುದುಕರೂ ಅವನ ಕಡೆ ನೋಡಿದರು. ಆ ನೋಟದಲ್ಲಿ ಮೆಚ್ಚುಗೆಯೇನೂ ಇರಲಿಲ್ಲ.

"ಒಳ್ಳೆ ಶಕ್ತಿ," ಎಂದರು ಗುರುಗಳು ನಿಟ್ಟುಸಿರು ಬಿಟ್ಟು.

ಸಂದಿನ ಮೇಲೆ ಅಂಗೈ ಬಂಡೆ. ಹೆಸರಿಗೆ ತಕ್ಕ ಹಾಗೆ ಬೋಳು. ಯಾವ ಕಾಲದಲ್ಲೋ ಯಾರೋ ಕೆತ್ತಿದ ಹೆಜ್ಜೆಗುಳಿಗಳು ಸವೆದು ಬರೀ ಗುರುತಾಗಿದ್ದವು. ಅಲ್ಲಲ್ಲಿ ಬಿರುಕಿನಲ್ಲಿ ಮಜ್ಜಿಗೆಹುಲ್ಲಿನ ಒಂದೊಂದು ಕುಚ್ಚು. ಬಂಡೆ ದಾಟಿದರೆ ತುದಿ. ಕೊಡೆಗಲ್ಲು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು.

ಪಂಚಾಕ್ಷರಿ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

ಬಂಡೆಯ ನಡುವಿಗೆ ಬಂದಾಗ ಮೊದಲ ಹನಿ ಬಿತ್ತು. ಹುಣಸೆಬೀಜದಷ್ಟು ದಪ್ಪ. ಒಂದು ಅಲ್ಲಿ, ಒಂದು ಇಲ್ಲಿ. ಬೆಟ್ಟದ ಬೆನ್ನ ಹಿಂದೆ ಗುಡುಗು ಉರುಳಿತು.

"ಇದು ಬರೋ ಮಳೆಯೋ, ಹೋಗೋ ಮಳೆಯೋ?" ಎಂದರು ಗುರುಗಳು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ.

"ಚಿತ್ತೆ ಮಳೆ. ಅದಕ್ಕೇ ಗೊತ್ತಿರಲ್ಲ," ಎಂದ ಮುಪ್ಪಣ್ಣ.

"ಕಲ್ಲು ಒದ್ದೆಯಾಗ್ತಿದೆ."

"ಹೌದು, ಒದ್ದೆಯಾಗ್ತಿದೆ."

"ಜಾರುತ್ತೆ."

"ಜಾರೇ ಜಾರುತ್ತೆ."

ಇಬ್ಬರೂ ಪಂಚಾಕ್ಷರಿಯ ಕಡೆ ನೋಡಿದರು.

ಇದು ಕೊನೆಯ ಪರೀಕ್ಷೆ ಎಂದು ಪಂಚಾಕ್ಷರಿಗೆ ಅನ್ನಿಸಿತು. ಕೊಡೆಗಲ್ಲನ್ನು ನೋಡಿ ಗಂಟಲು ಸರಿಮಾಡಿಕೊಂಡ.

"ಬುದ್ಧಿ, ಜಾರುವವನು..." ಎಂದು ಶುರುಮಾಡಿದ.

ಅಷ್ಟರಲ್ಲಿ ಮುಪ್ಪಣ್ಣ ಜಾರಿದ.

ಒಂದು ಆಳುದ್ದ ಜಾರಿ, ಹುಲ್ಲಿನ ಒಂದು ಕುಚ್ಚು ಕೈಗೆ ಸಿಕ್ಕಿ ನಿಂತ. ಬಂಡೆಗೆ ಕೆನ್ನೆ ಒತ್ತಿ ಮಲಗಿದ ಹಾಗಿದ್ದ.

"ಏನೂ ಆಗಿಲ್ಲ," ಎಂದು ನಕ್ಕ. "ಬಂಡೆ ತಣ್ಣಗಿದೆ. ಹಿತವಾಗಿದೆ."

ನಗು ಸರಿಯಾಗಿಯೇ ಇತ್ತು. ಆದರೆ ಪಂಚಾಕ್ಷರಿಗೆ ಅವನ ಹಿಮ್ಮಡಿ ಕಂಡಿತು. ಹುಟ್ಟಿದ ಕರು ಮೊದಲ ಸಲ ಎದ್ದು ನಿಂತಾಗ ನಡುಗುವ ಹಾಗೆ ನಡುಗುತ್ತಿತ್ತು. ಹುಲ್ಲಿನ ಬೇರಿನ ಸುತ್ತ ಮಣ್ಣು ಸಡಿಲವಾಗುತ್ತಿತ್ತು.

ಪಂಚಾಕ್ಷರಿ ಮೇಲೆ ನೋಡಿದ. ಕೊಡೆಗಲ್ಲು. ಐದು ವರ್ಷ.

ಕೆಳಗೆ ನೋಡಿದ. ಹಿಮ್ಮಡಿ.

"ವಾಪಸ್ ಹೋಗೋಣ," ಎಂದ.

ದನಿ ಹೊರಡಲಿಲ್ಲ. ತುಟಿ ಮಾತ್ರ ಅಲ್ಲಾಡಿತು.

"ಏನಂದೆ?" ಎಂದರು ಗುರುಗಳು.

"ಏನಂದ? ಗಂಗಾ, ಏನಂದ ಅವನು?" ಎಂದ ಮುಪ್ಪಣ್ಣ ಕೆಳಗಿನಿಂದ. ಬಂಡೆಯಿಂದ ಕೆನ್ನೆ ಎತ್ತಿದ್ದ.

ಬುದ್ಧಿಯವರಿಗೆ ಸಿಟ್ಟು ಬಂದಿದೆ ಎಂದುಕೊಂಡ ಪಂಚಾಕ್ಷರಿ. ಉಪದೇಶ ಹೋಯಿತು. ಹೋದದ್ದು ಹೋಯಿತು, ಇನ್ನು ಹೆದರುವುದಕ್ಕೆ ಏನಿದೆ?

"ವಾಪಸ್ ಹೋಗೋಣ! ಸಾಕು! ನನಗೆ ಉಪದೇಶ ಬೇಡ, ಏನೂ ಬೇಡ. ನೀವಿಬ್ಬರೂ ಇಳೀರಿ ಮೊದಲು!"

ಹೀಗೆಂದು ಕೂತೇ ಜಾರುತ್ತ ಕೆಳಗಿಳಿದು, ಮುಪ್ಪಣ್ಣನ ಹಿಮ್ಮಡಿಯ ಕೆಳಗೆ ತನ್ನ ಹೆಗಲು ಇಟ್ಟ.

"ಗಂಗಾ, ಕೇಳಿಸ್ತಾ?"

"ಕೇಳಿಸ್ತು."

"ಗಟ್ಟಿಯಾಗಿ ಹೇಳಿದ. ಎರಡು ಸಲ ಹೇಳಿದ. ನಾನು ಸಾಕ್ಷಿ."

"ನಾನೂ ಸಾಕ್ಷಿ."

ಆಮೇಲೆ ನಡೆದದ್ದನ್ನು ಪಂಚಾಕ್ಷರಿ ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಇಬ್ಬರೂ ಪಂಚೆ ಎತ್ತಿ ಕಟ್ಟಿ, ಬಂಡೆಗೆ ಅಂಡು ಊರಿ, ಶಾಲೆ ಬಿಟ್ಟ ಹುಡುಗರ ಹಾಗೆ ಇಳಿಯತೊಡಗಿದರು. ಹೊಟ್ಟೆಸಂದಿನಲ್ಲಿ ಮುಪ್ಪಣ್ಣ ಈ ಸಲ ಸಿಕ್ಕಿಕೊಳ್ಳಲೇ ಇಲ್ಲ. ಎಣ್ಣೆ ಹಚ್ಚಿದ ಹಾಗೆ ಜಾರಿ ಬಂದ.

"ಹೊಟ್ಟೆ ಎಲ್ಲಿ ಹೋಯ್ತೋ?" ಎಂದರು ಗುರುಗಳು.

"ಕರಗಿತು ಕಣೋ, ಸಂತೋಷಕ್ಕೆ."

ಒಂದು ಗುಂಡಿನ ಅಡಿಗೆ ಸೇರುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು. ಬಿದ್ದದ್ದು ಮಳೆಯಲ್ಲ, ಕೊಡ ಕವುಚಿದ್ದು. ಅಂಗೈ ಬಂಡೆಯ ಮೇಲೆ ನೀರು ಬಿಳಿ ಪಂಚೆ ಹಾಸಿದ ಹಾಗೆ ಇಳಿಯಿತು. ಕೊಡೆಗಲ್ಲು ಮಾಯವಾಯಿತು.

ಮೂವರೂ ಚಪ್ಪಟೆಯಾದ ಚಿತ್ರಾನ್ನ ಹರಿದು ತಿಂದರು.

ತಿಂದು ಮುಗಿಯುವಷ್ಟರಲ್ಲಿ ಮಳೆ ನಿಂತಿತು. ಅದೂ ಹೇಗೆ, ಯಾರೋ ಕರೆದರು ಎಂದು ಎದ್ದುಹೋದ ಹಾಗೆ. ಬಿಸಿಲು ಬಂತು. ಕೊಡೆಗಲ್ಲು ತೊಳೆದಿಟ್ಟ ಪಾತ್ರೆಯಂತೆ ಫಳಫಳ ಹೊಳೆಯಿತು.

ಪಂಚಾಕ್ಷರಿ ಅದನ್ನೇ ನೋಡಿದ.

"ಇನ್ನೊಂದು ಗಳಿಗೆ ತಡೆದುಕೊಂಡಿದ್ದರೆ ತುದಿ ಮುಟ್ಟುತ್ತಿದ್ದೆವು ಬುದ್ಧಿ."

"ಎಷ್ಟು ಜನ?" ಎಂದರು ಗುರುಗಳು.

ಪಂಚಾಕ್ಷರಿ ಪಕ್ಕಕ್ಕೆ ನೋಡಿದ. ಮುಪ್ಪಣ್ಣ ಬೆರಳಿಗಂಟಿದ ಅನ್ನದಗುಳು ನೆಕ್ಕುತ್ತಿದ್ದ.

ಆಶ್ರಮಕ್ಕೆ ಬಂದಾಗ ಹೊತ್ತು ಇಳಿದಿತ್ತು. ಪಡಸಾಲೆಯ ಮುಂದೆ ಅಣ್ಣತಮ್ಮಂದಿರಿಬ್ಬರು ಕಾದು ಕೂತಿದ್ದರು. ಇಬ್ಬರ ಹೊಲದ ನಡುವೆ ಒಂದು ಹುಣಸೆಮರ. ಅಣ್ಣನ ಕಡೆ ಬೇರು, ತಮ್ಮನ ಕಡೆ ಕೊಂಬೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಪಂಚಾಕ್ಷರಿ ಮೈ ಒರೆಸಿಕೊಂಡು, ಬೇರೆ ಪಂಚೆ ಸುತ್ತಿ, ಎಂದಿನಂತೆ ಹಲಗೆ ಒರೆಸಿದ. ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡ.

ಗುರುಗಳು ಒಳಗೆ ಬರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ, ಪಂಚಾಕ್ಷರಿ ಕೂರುವ ಜಾಗದಲ್ಲಿ, ಕಾಲು ಚಾಚಿ ಕೂತುಬಿಟ್ಟರು.

"ಹಲಗೆ ಒರೆಸಿದ್ದೀನಿ ಬುದ್ಧಿ."

"ನೋಡಿದೆ."

"ಜನ ಕಾಯ್ತಿದ್ದಾರೆ."

"ಅದನ್ನೂ ನೋಡಿದೆ."

ಪಂಚಾಕ್ಷರಿ ಕೈಕಟ್ಟಿ ನಿಂತ. "ಸೋತದ್ದು ನಾನು. ಏನು ಕೊಡಬೇಕು ಹೇಳಿಬಿಡಿ. ಆಶ್ರಮ ಬಿಟ್ಟು ಹೋಗಬೇಕಾ?"

ಗುರುಗಳು ಮುಪ್ಪಣ್ಣನ ಕಡೆ ನೋಡಿದರು. ಮುಪ್ಪಣ್ಣ ಒಲೆಯ ಮುಂದಿನಿಂದ ಎದ್ದು ಬಂದ. ಕೈಯಲ್ಲಿ ಊದುಗೊಳವೆ ಇತ್ತು.

"ನಾವಿಬ್ಬರೂ ಒಂದೇ ಗುರುಗಳ ಶಿಷ್ಯರು ಮರಿ. ಇದೇ ಪಡಸಾಲೆ. ಈ ಹಲಗೆ ನಾನೂ ಒರೆಸಿದ್ದುಂಟು."

"ನೀವಾ?"

"ನಮ್ಮ ಗುರುಗಳು ಹೋಗೋವಾಗ ಹಲಗೆ ಇಬ್ಬರಿಗೂ ಬಿಟ್ಟು ಹೋದರು. ಯಾರು ಕೂರಬೇಕು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ ಅಂದರು. ಇಬ್ಬರಿಗೂ ಬೇಡ. ನನಗಂತೂ ಅದರ ಮೇಲೆ ಕೂರೋದು ಅಂದರೆ ಚಳಿಜ್ವರ. ಬೆಟ್ಟದ ಮೇಲೆ ಪಂದ್ಯ ಕಟ್ಟಿದೆವು. ಗೆದ್ದವನು ಮನೆಗೆ, ಸೋತವನು ಹಲಗೆಗೆ."

ಪಂಚಾಕ್ಷರಿ ಹಲಗೆಯ ಕಡೆ ನೋಡಿದ. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

"ಅವತ್ತೂ ಮಳೆ. ಅವತ್ತೂ ಜಾರಿದ್ದು ನಾನೇ. ಹೇಳಿದ್ದು ಇವನು. ಇನ್ನೊಂದು ಅವಕಾಶ ಕೊಡು ಅಂತ ಇವನು ಪ್ರತಿ ವರ್ಷ ಕೇಳ್ತಾನೆ. ನಾನು ಬರ್ತೀನಿ. ಆದರೆ ಬಾಯಿ ಬಿಡಲ್ಲ."

"ಬಿದ್ದು ಸತ್ತರೂ ಬಿಡಲ್ಲ ಇವನು," ಎಂದರು ಗುರುಗಳು. "ಹಾಗಾಗಿ ಪ್ರತಿ ಸಲ ನಾನೇ ಹೇಳ್ತಿದ್ದೆ."

"ಈ ಸಲ ಯಾಕೆ ಹೇಳಲಿಲ್ಲ?"

"ಬಾಯಿ ತೆರೆದಿದ್ದೆ ಕಣೋ. ನೀನು ಮುಂಚೆ ಹೇಳಿಬಿಟ್ಟೆ."

ಪಂಚಾಕ್ಷರಿ ಒಂದು ಹೆಜ್ಜೆ ಹಿಂದೆ ಸರಿದ. ಹಲಗೆ ಕಾಲಿಗೆ ತಗುಲಿತು. ಹಾವು ತುಳಿದವನ ಹಾಗೆ ಮುಂದಕ್ಕೆ ಹಾರಿದ.

"ನನಗೆ ಏನೂ ಗೊತ್ತಿಲ್ಲ ಬುದ್ಧಿ! ಉಪದೇಶ ಕೂಡ ಆಗಿಲ್ಲ."

"ಅದನ್ನ ಬಂಡೆ ಮೇಲೆ ನೀನೇ ಹೇಳಿದೆ. ನಾವಿಬ್ಬರೂ ಕೇಳಿದೆವು. ಅದಕ್ಕಿಂತ ಜಾಸ್ತಿ ನನಗೂ ಬರಲ್ಲ."

"ನೀವು ಎಲ್ಲಿಗೆ ಹೋಗ್ತೀರಿ?"

"ನಾಳೆ ಬೆಳಿಗ್ಗೆ ಇವನ ಜೊತೆ. ಒಂದು ಮದುವೆ ಇದೆಯಂತೆ. ಈರುಳ್ಳಿ ಹೆಚ್ಚೋಕೆ ಜನ ಇಲ್ಲವಂತೆ."

"ಕಣ್ಣೀರು ಬರುತ್ತೆ ಕಣೋ, ನೋಡು," ಎಂದ ಮುಪ್ಪಣ್ಣ.

"ಬರಲಿ. ಇಷ್ಟು ವರ್ಷ ಬೇರೆಯವರದ್ದೇ ಒರೆಸಿದ್ದೀನಿ."

ಹುಣಸೆಮರದ ಅಣ್ಣನಿಗೆ ತಾಳ್ಮೆ ಮುಗಿದಿತ್ತು. ಎದ್ದು ಬಂದು ಗುರುಗಳ ಮುಂದೆ ಕೈಮುಗಿದ.

"ನಮ್ಮದು ಸ್ವಲ್ಪ ಕೇಳಿ ಬುದ್ಧಿ. ಹೊತ್ತು ಮುಳುಗ್ತಿದೆ."

ಪಂಚಾಕ್ಷರಿ ಬೆಟ್ಟದ ಕಡೆ ನೋಡಿದ. ಕೊಡೆಗಲ್ಲಿನ ಮೇಲೆ ಮತ್ತೆ ಮೋಡ ಕೂರುತ್ತಿತ್ತು. ವಾಪಸ್ ಹೋಗೋಣ ಎನ್ನಲು ಈಗ ಯಾವ ದಾರಿಯೂ ಕಾಣಲಿಲ್ಲ.

"ಇವರಿಬ್ಬರಿಗೆ ನಾನು ಏನು ಹೇಳಲಿ?" ಎಂದ, ಮೆಲ್ಲಗೆ.

ಗುರುಗಳು ಮೆಟ್ಟಿಲಿನಿಂದ ಎದ್ದರು. ಅವನ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು, ಬಗ್ಗಿ, ಹಲಗೆಯನ್ನು ಇನ್ನೊಂದು ಸಲ ಒರೆಸಿದರು. ಪಕ್ಕಕ್ಕೆ ಸರಿದು ಕೈಮುಗಿದರು.

"ಮೊದಲು ಕೂತ್ಕೊಳ್ಳಿ, ಬುದ್ಧಿ."